ಅಂತರಜಾಲ ಪುಟದಲ್ಲಿ ಕನ್ನಡ ಅಕ್ಷರಗಳ ಗಾತ್ರ ಸರಿಪಡಿಸಿಕೊಳ್ಳುವ ವಿಧಾನ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಅರ್ಜಿದಾರರ ಗಮನಕ್ಕೆ: ಒಂದೇ ಪುಟದ ಅಕ್ಷರಗಳು ಒಂದು ಗಣಕಯಂತ್ರದಲ್ಲಿ ದೊಡ್ಡದಾಗಿಯೂ ಮತ್ತೊಂದರಲ್ಲಿ ಚಿಕ್ಕದಾಗಿಯೂ ಕಾಣಬಹುದು.

ಕಾರಣ: ಪುಟವು ಅಕ್ಷರಶೈಲಿಯನ್ನು ಸೂಚಿಸದಿದ್ದಲ್ಲಿ ಬ್ರೌಸರ್ ಆ ಯಂತ್ರದಲ್ಲಿ ಲಭ್ಯವಿರುವ ಶೈಲಿಯನ್ನೇ ಬಳಸುತ್ತದೆ. ವಿಂಡೋಸ್ ಎಕ್ಸ್‌ಪಿಯೊಂದಿಗೆ (2001) ಬಂದ ತುಂಗಾ ಮತ್ತು ವಿಂಡೋಸ್ 8ರೊಂದಿಗೆ (2012) ಬಂದ ನಿರ್ಮಲಾ ಯುಐ ಶೈಲಿಗಳ ಅಕ್ಷರಗಳು ಒಂದೇ ಅಳತೆಯಲ್ಲಿಯೂ ಸಮನಾಗಿ ಕಾಣುವುದಿಲ್ಲ.

ಪರಿಹಾರ: ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ‘+’ ಒತ್ತಿದಲ್ಲಿ ಪುಟವು ಹಿಗ್ಗುತ್ತದೆ, ‘0’ ಒತ್ತಿದಲ್ಲಿ ಮೂಲ ಗಾತ್ರಕ್ಕೆ ಮರಳುತ್ತದೆ. ಇದರಿಂದ ಅರ್ಜಿಯ ವಿವರಗಳು ಬದಲಾಗುವುದಿಲ್ಲ.

ಅಕ್ಷರ ಚಿಕ್ಕದಾದಲ್ಲಿ ‘ತಿಪ್ಪೇಸ್ವಾಮಿ’ಯಂತಹ ಹೆಸರಿನ ಒತ್ತಕ್ಷರಗಳಲ್ಲಿನ ತಪ್ಪು ಕಣ್ತಪ್ಪಿ ಉಳಿಯುವ ಸಂಭವವಿರುತ್ತದೆ. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ ಹೆಸರು, ಗ್ರಾಮ ಹಾಗೂ ಸರ್ವೆ ನಂಬರನ್ನು ಹಿಗ್ಗಿಸಿ ಪರಿಶೀಲಿಸಿಕೊಳ್ಳಲು ಕೋರಲಾಗಿದೆ.