ಸನ್ಯಾಸಿಯ ಪಾತ್ರ

ಸನ್ಯಾಸಿಯ ವೇಷವನ್ನು ತೊಡುವುದು ಸುಲಭ. ಆ ವೇಷಕ್ಕೆ ತಕ್ಕ ಮಾತನ್ನಾಡುವುದು ಕಷ್ಟ. ನಮ್ಮ ಕರಾವಳಿಯ ತಾಳಮದ್ದಳೆಯ ಕೂಟಗಳು ತಲೆಮಾರುಗಳಿಂದ ಇದನ್ನು ತೋರಿಸಿಕೊಡುತ್ತ ಬಂದಿವೆ.

ಈ ಮಾತನ್ನೆತ್ತಲು ಕಾರಣವುಂಟು. ನಂತೂರಿನ ನನ್ನ ಮನೆಗೆ ಬರುವ ವಿದ್ಯಾರ್ಥಿಯೊಬ್ಬನು, ಗೆಳೆಯರೊಡನೆ ಮೇಜಿನ ಸುತ್ತ ಕುಳಿತು ಕಲ್ಪಿತ ಪಾತ್ರಗಳಾಗಿ ಮಾತಾಡುವ ಆಟವೊಂದರಲ್ಲಿ ತೊಡಗಿದ್ದಾನೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಬಗೆಯ ಆಟಗಳಿಗೆ ಮೊದಲ ಮೇಲ್ಪಂಕ್ತಿ. ಮೂರು ದಾಳಗಳನ್ನುರುಳಿಸಿ, 3ರಿಂದ 18ರೊಳಗೆ ಬಿದ್ದ ಅಂಕವನ್ನು ಪಾತ್ರದ ಆರು ಗುಣಗಳಲ್ಲಿ ಒಂದೊಂದಕ್ಕೂ ಬರೆದುಕೊಳ್ಳುವುದು ಅದರ ಮೂಲ ಕ್ರಮ. ಬುದ್ಧಿಗೆ ಒಂದು ಅಂಕ, ವಿವೇಕಕ್ಕೆ ಬೇರೊಂದು! ಈ ವಿಂಗಡಣೆ ನನಗೆ ಬಹಳ ಹಿಡಿಸಿತು. ಹುಡುಗನಿಗೆ ಬೇಕಾಗಿದ್ದವನು ಒಬ್ಬ ವಿದ್ವಾಂಸ ಸನ್ಯಾಸಿ. "ಬುದ್ಧಿಗೆ 18 ಬಿದ್ದಿದೆ ಸರ್, ಇನ್ನೇನು ಬೇಕು?" ಎಂಬುದು ಅವನ ಪ್ರಶ್ನೆ.

ಉತ್ತರಕ್ಕಾಗಿ ಅವನನ್ನು ಪಂಚವಟಿಗೆ ಕರೆದೊಯ್ದೆ. ರಾವಣನು ಸನ್ಯಾಸಿಯಾಗಿ ಸೀತೆಯ ಮುಂದೆ ನಿಲ್ಲುವ ಸಂದರ್ಭವದು. ವಾಲ್ಮೀಕಿಯ ರಾವಣನು ವೇದಘೋಷ ಮಾಡುತ್ತಲೇ ಬರುತ್ತಾನೆ. ತಾಳಮದ್ದಳೆಯಲ್ಲಾದರೋ ಕಾವಿಯಿಲ್ಲ, ಕಮಂಡಲುವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡಿದೊಡನೆ ಅರ್ಥಧಾರಿಯು ಕುಳಿತಲ್ಲೇ, ಬರೆದಿಟ್ಟುಕೊಳ್ಳದೆ, ಅರ್ಥ ಹೇಳಬೇಕು. ಎದುರಿನ ಸೀತೆ ಏನು ಕೇಳಿಯಾಳೆಂಬುದು ಅವನಿಗೆ ತಿಳಿಯದು. "ಸ್ವಾಮಿ, ತಮ್ಮ ಗುರುಗಳು ಯಾರು? ಈ ಕಾಡಿಗೆ ಬಂದ ಕಾರಣವೇನು?" ಎಂದಳೋ, ಆ ಕ್ಷಣದಲ್ಲೇ ಗುರು, ವ್ರತ, ವೈರಾಗ್ಯ ಎಲ್ಲವೂ ಮಾತಿನಿಂದ ಹುಟ್ಟಬೇಕು. ಆ ವೈರಾಗ್ಯ ಟೊಳ್ಳಾದರೆ ಸೀತೆ ನಂಬಿದಳೆಂಬುದನ್ನು ಸಭೆ ನಂಬದು. ಪೂರ್ತಿ ನಿಜವಾದರೆ ರಾವಣನೇ ಕಾಣೆಯಾದಾನು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ರಾವಣನನ್ನು ಕರಾವಳಿ ಇಂದಿಗೂ ನೆನೆಯುತ್ತಿರುವುದು, ಇಂಥ ಕಠಿನ ಪಾತ್ರಕ್ಕೆ ಅವರು ಮಾತಿನಿಂದಲೇ ಜೀವ ತುಂಬಿದರೆಂದು.

ರಾವಣನಿಗಾಗಿ ದಾಳ ಹಾಕಿದರೆ ಬುದ್ಧಿಗೆ 18 ಸಲ್ಲಲೇಬೇಕು; ವಿವೇಕಕ್ಕೆ 3 ಕೊಟ್ಟರೂ ಹೆಚ್ಚು. ಅವನ ದುರಂತ ಈ ಎರಡು ಅಂಕಗಳ ನಡುವಣ ಕಂದರದಲ್ಲಿದೆ. ಆದುದರಿಂದ ಹುಡುಗನಿಗೆ ಹೀಗೆಂದೆ: "ನಿನ್ನ ಸನ್ಯಾಸಿ ಓದಿದ ಗ್ರಂಥಗಳ ಪಟ್ಟಿ ಬೇಡ. ಅವನು ಏನನ್ನು ಬಿಟ್ಟು ಬಂದ, ಏನನ್ನು ಬಿಡಲಾರದೆ ಹೊತ್ತು ತಂದ, ಯಾವ ಪ್ರಶ್ನೆಯೆದುರು ಅವನ ಶಾಸ್ತ್ರ ಮೂಕವಾಗುತ್ತದೆ, ಇಷ್ಟನ್ನು ಗೊತ್ತುಮಾಡಿಕೋ."

ಅವನಿಗೊಂದು ನೆಲೆಯನ್ನು ಪರದೇಶದಿಂದ ತರಬೇಕಾಗಿಲ್ಲ. ನಂತೂರಿನ ಸಮೀಪದ ಕದ್ರಿಯಲ್ಲಿ, ಆಳುಪ ಅರಸ ಕುಂದವರ್ಮನು 968ರಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಅದರ ಶಾಸನವು ಆ ಸ್ಥಳವನ್ನು ವಿಹಾರವೆಂದು ಕರೆಯುತ್ತದೆ. ಅಲ್ಲಿಯೇ ಗುಡ್ಡದ ಮೇಲೆ ನಾಥಪಂಥದ ಜೋಗಿಮಠವಿದೆ. ಭಿಕ್ಷುವೊಬ್ಬನೂ ಜೋಗಿಯೊಬ್ಬನೂ ಆ ಮೆಟ್ಟಿಲುಗಳ ಮೇಲೆ ಎದುರಾದರೆ ಏನು ಮಾತಾಡಿಯಾರು? ಕಲ್ಪನೆಗೆ ಇದಕ್ಕಿಂತ ಒಳ್ಳೆಯ ಕಣ ಯಾವುದು?

ದಾಳವು ಪಾತ್ರಕ್ಕೆ ಅಂಕವನ್ನು ಕೊಟ್ಟೀತು. ಪಂಡಿತನು ಆಡಬೇಕಾದ ಒಂದು ವಾಕ್ಯವನ್ನು ಅದು ಕೊಡಲಾರದು. ಅದಕ್ಕಾಗಿ ಆಟಗಾರನೇ ಗ್ರಂಥವನ್ನು ಬಿಡಿಸಬೇಕು, ಕೂಟದಲ್ಲಿ ಕುಳಿತು ಕಿವಿಗೊಡಬೇಕು. ಆಟವೊಂದು ತರುಣರನ್ನು ಅಷ್ಟು ದೂರ ನಡೆಸುವುದಾದರೆ, ಅಧ್ಯಾಪಕರಾದ ನಾವು ಅದನ್ನು ಹಳಿಯಲು ಕಾರಣವಿಲ್ಲ.