ನಿಮಗಿದು ಗೊತ್ತೇ? ಪೀಣ್ಯದ ಶೆಡ್ಡಿನಲ್ಲಿ ತಯಾರಾದ ಉಪಗ್ರಹ

● ಪೀಣ್ಯ ಎಂದೊಡನೆ ಲೇತ್ ಮಷಿನ್ನು, ತುಮಕೂರು ರಸ್ತೆಯ ಲಾರಿ ಸಾಲು ನೆನಪಾಗುತ್ತವೆ. ದೇಶದ ಮೊದಲ ಉಪಗ್ರಹ ‘ಆರ್ಯಭಟ’ ತಯಾರಾದದ್ದೂ ಅಲ್ಲೇ, ಕೈಗಾರಿಕಾ ವಸಾಹತಿನ ಕಲ್ನಾರು ಶೀಟಿನ ಶೆಡ್ಡುಗಳಲ್ಲಿ!

● ಆ ತಂಡದ ಯಜಮಾನರು ಪ್ರೊ. ಯು.ಆರ್. ರಾವ್. ಹುಟ್ಟಿದ್ದು 1932ರ ಮಾರ್ಚ್ 10, ಉಡುಪಿ ಬಳಿಯ ಅದಮಾರಿನಲ್ಲಿ. ಓದು ಉಡುಪಿ, ಬಳ್ಳಾರಿ, ಅನಂತಪುರ, ಕಾಶಿ ಸುತ್ತಿ ಅಹಮದಾಬಾದ್ ಸೇರಿತು. ಪಿಎಚ್.ಡಿ.ಗೆ ಗುರುಗಳಾಗಿ ಸಿಕ್ಕವರು ವಿಕ್ರಮ್ ಸಾರಾಭಾಯ್.

● ಇಸ್ರೊ ಅಧ್ಯಕ್ಷರೆಂದೇ (1984–94) ರಾಯರು ಹೆಸರುವಾಸಿ. ಮೂಲತಃ ಅವರು ವಿಶ್ವಕಿರಣಗಳ ಬೆನ್ನುಹತ್ತಿದ ಪ್ರಯೋಗ ಭೌತವಿಜ್ಞಾನಿ. 60ರ ದಶಕದಲ್ಲಿ ಅಮೆರಿಕದ ಎಂಐಟಿ, ಡಲ್ಲಾಸ್‌ಗಳಲ್ಲಿದ್ದಾಗ ನಾಸಾದ ಪಯೋನಿಯರ್ ನೌಕೆಗಳಿಗೆ ವಿಶ್ವಕಿರಣ ಅಳೆಯುವ ಉಪಕರಣ ಸಿದ್ಧಪಡಿಸಿದ ತಂಡದಲ್ಲಿದ್ದರು. ಶುಕ್ರನತ್ತ ಹೋದ ಮ್ಯಾರಿನರ್-2 ಕಳಿಸಿದ ಮಾಹಿತಿಯನ್ನು ಜಾಲಾಡಿ, ಸೌರ ಮಾರುತದ ವೇಗ ಏರಿದಂತೆ ಭೂಮಿಯ ಕಾಂತಕ್ಷೇತ್ರವೂ ಕಲಕುತ್ತದೆಂದು 1963ರಲ್ಲೇ ಇಬ್ಬರು ಸಹೋದ್ಯೋಗಿಗಳೊಂದಿಗೆ ತೋರಿಸಿದರು. 1966ರಲ್ಲಿ ಸ್ವದೇಶಕ್ಕೆ ವಾಪಸು.

● ಆರ್ಯಭಟಕ್ಕೆ 26 ಮುಖಗಳು. ಮೇಲಿನ, ಕೆಳಗಿನ ಮುಖ ಬಿಟ್ಟು ಉಳಿದ 24ಕ್ಕೂ ಸೌರಕೋಶಗಳ ಹೊದಿಕೆ. ತೂಕ ಸುಮಾರು 360 ಕಿಲೊ. ಒಳಗೆ ಕ್ಷ-ಕಿರಣ ಖಗೋಳ, ಸೂರ್ಯನ ನ್ಯೂಟ್ರಾನ್ ಮತ್ತು ಗಾಮಾ ಕಿರಣ, ಮೇಲಣ ವಾಯುಮಂಡಲಕ್ಕೆ ಸಂಬಂಧಿಸಿದ ಪ್ರಯೋಗಗಳು. ಯಜಮಾನರು ಯಾರೆಂಬುದು ಇಲ್ಲೇ ಗೊತ್ತಾಗುತ್ತದೆ!

● ಜಾಗಕ್ಕೆ ಎಂಥ ಪರದಾಟ ಅಂತೀರಿ! ಉಪಗ್ರಹದ ಮಾಹಿತಿ ಪಡೆಯುವ ಕೇಂದ್ರಕ್ಕಾಗಿ ಬೆಂಗಳೂರಿನಲ್ಲಿ ಶೌಚಾಲಯವೊಂದನ್ನೇ ಮಾರ್ಪಡಿಸಿಕೊಂಡಿದ್ದರು. ಇದನ್ನು ರಾಯರೇ ಹೇಳಿಕೊಂಡಿದ್ದಾರೆ.

● ಉಡಾವಣೆ 1975ರ ಏಪ್ರಿಲ್ 19ರಂದು, ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ. ನಾಲ್ಕೇ ದಿನಕ್ಕೆ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು. ಮೂಗು ಮುರಿಯಬೇಡಿ, ಉಪಗ್ರಹ ಕಟ್ಟುವುದನ್ನು ಕಲಿಯುವುದೇ ಆಗಿನ ದೊಡ್ಡ ಪಾಠವಾಗಿತ್ತು. ಅದೇ ಕಲಿಕೆಯಿಂದ 1979ರಲ್ಲಿ ‘ಭಾಸ್ಕರ’ ಉಪಗ್ರಹ ಬಂತು. ಆರ್ಯಭಟ ಮಾತ್ರ ಸುಮ್ಮನೆ ಸುತ್ತುತ್ತಲೇ ಇದ್ದು, 1992ರ ಫೆಬ್ರುವರಿಯಲ್ಲಿ ವಾತಾವರಣಕ್ಕೆ ಬಿತ್ತು.

● ಹಳೆಯ ಎರಡು ರೂಪಾಯಿ ನೋಟು ಮನೆಯಲ್ಲಿದ್ದರೆ ಹಿಂಬದಿ ನೋಡಿ. ಹುಲಿಯ ಚಿತ್ರದ್ದಲ್ಲ, ಅದರ ನಂತರದ್ದು. ಅಲ್ಲಿರುವುದು ಇದೇ ಆರ್ಯಭಟ.

● ಪ್ರಶಸ್ತಿಗಳು? 1976ರಲ್ಲಿ ಪದ್ಮಭೂಷಣ, 2017ರಲ್ಲಿ ಪದ್ಮವಿಭೂಷಣ. 2013ರಲ್ಲಿ ವಾಷಿಂಗ್ಟನ್ನಿನ ‘ಸ್ಯಾಟಲೈಟ್ ಹಾಲ್ ಆಫ್ ಫೇಮ್’ ಸೇರಿದ ಮೊದಲ ಭಾರತೀಯ. 2017ರ ಜುಲೈ 24ರಂದು ತೀರಿಕೊಂಡರು. ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರದೇ ಹೆಸರಿಟ್ಟರು.

● ಸೂರ್ಯನ ಅಧ್ಯಯನಕ್ಕೆಂದು ಇಸ್ರೊ ರೂಪಿಸಿದ ‘ಆದಿತ್ಯ’ ನೌಕೆ ಮೊದಲಿಗೆ ಭೂಮಿಯಿಂದ 800 ಕಿ.ಮೀ. ಎತ್ತರದಲ್ಲೇ ಸುತ್ತಬೇಕಿತ್ತು. 15 ಲಕ್ಷ ಕಿ.ಮೀ. ಆಚೆಯ ಎಲ್1 ಬಿಂದುವಿಗೆ ಕಳಿಸಬೇಕೆಂಬ ಸಲಹೆಯ ಹಿಂದೆ ಇದ್ದವರೂ ರಾಯರೇ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ಈಗ ಅದೇ ಸೌರ ಮಾರುತವನ್ನು ಅಳೆಯುತ್ತಿದೆ. ಅದನ್ನು ನಿಯಂತ್ರಿಸುವ ಇಸ್ಟ್ರಾಕ್ ಕೇಂದ್ರ ಇರುವುದು ಪೀಣ್ಯದಲ್ಲಿ.