ಹೆರಿಗೆಯ ಭಯ, ತಾಯಿಯ ಹೃದಯ: ಹಿಪ್ನಾಸಿಸ್ ಎಷ್ಟರ ಮಟ್ಟಿಗೆ ನೆರವಾಗುತ್ತದೆ?



ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ನಮ್ಮ ಕನ್ನಡ ಕುಟುಂಬಗಳಿಂದ ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಡಾಕ್ಟ್ರೇ, ಹಿಪ್ನಾಸಿಸ್ ಕಲಿತರೆ ನೋವಿಲ್ಲದೆ ಹೆರಿಗೆ ಆಗುತ್ತದಂತೆ, ನಿಜಾನಾ? ಕ್ಲಾಸಿಗೆ ದುಡ್ಡು ಕಟ್ಟಬಹುದಾ?"

ಇದನ್ನು ಹೃದ್ರೋಗ ವೈದ್ಯನಿಗೆ ಯಾಕೆ ಕೇಳುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಗರ್ಭಿಣಿಯ ಬಿ.ಪಿ. ಏರಿದರೆ, ಎದೆ ಡವಡವ ಅಂದರೆ, ಏದುಸಿರು ಬಂದರೆ ಹೆರಿಗೆ ವೈದ್ಯರು ನಮ್ಮ ಹತ್ತಿರ ಕಳಿಸುತ್ತಾರೆ. ಅವರಲ್ಲಿ ಕೆಲವರದು ಭಯ. ಕೆಲವರದು ನಿಜವಾದ ಹೃದಯದ ತೊಂದರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಅದಕ್ಕೇ ಈ ಲೇಖನ.

ಚುಟುಕಾಗಿ ಉತ್ತರ: ಹಿಪ್ನಾಸಿಸ್ ಮತ್ತು ವಿಶ್ರಾಂತಿಯ ಅಭ್ಯಾಸಗಳು ಭಯವನ್ನು ಕಡಿಮೆ ಮಾಡುತ್ತವೆ. ನೋವನ್ನು ಪೂರ್ತಿ ಅಳಿಸುವುದಿಲ್ಲ. ವೈದ್ಯರ ತಪಾಸಣೆಯ ಜಾಗವನ್ನಂತೂ ಯಾವತ್ತೂ ತುಂಬುವುದಿಲ್ಲ.

*ಹಿಪ್ನಾಸಿಸ್ ಅಂದರೆ ಮಾಟವಲ್ಲ*

ಜಾತ್ರೆಯಲ್ಲೋ ಟಿ.ವಿ.ಯಲ್ಲೋ ನೋಡಿದ ಸಂಮೋಹನದ ಆಟವನ್ನು ಮರೆತುಬಿಡಿ. ವೈದ್ಯಕೀಯದ ಹಿಪ್ನಾಸಿಸ್‌ನಲ್ಲಿ ಪ್ರಜ್ಞೆ ತಪ್ಪುವುದಿಲ್ಲ, ಯಾರೂ ನಿಮ್ಮನ್ನು ವಶ ಮಾಡಿಕೊಳ್ಳುವುದಿಲ್ಲ. ಒಳ್ಳೆಯ ಪುಸ್ತಕ ಓದುವಾಗ ಅಡುಗೆ ಮನೆಯ ಕುಕ್ಕರ್ ಸೀಟಿ ಕೇಳಿಸುವುದಿಲ್ಲ ಅಲ್ಲವೇ? ಮನಸ್ಸು ಒಂದೇ ಕಡೆ ನೆಟ್ಟಾಗ ಉಳಿದದ್ದು ಹಿಂದೆ ಸರಿಯುತ್ತದೆ. ಅದನ್ನೇ ಬೇಕೆಂದಾಗ ತಂದುಕೊಳ್ಳಲು ಕಲಿಯುವುದು ಈ ವಿದ್ಯೆ. ಹೆರಿಗೆಗೆ ಕಲಿಸುವುದು ಹೆಚ್ಚಾಗಿ ಸ್ವಯಂ ಸಂಮೋಹನ, ಅಂದರೆ ತಾಯಿ ತಾನೇ ಮಾಡಿಕೊಳ್ಳುವಂಥದ್ದು.

ಇದಕ್ಕೆ ನಮ್ಮ ದೇಶದಲ್ಲೇ ಹಳೆಯ ಕಥೆಯಿದೆ. ಬಂಗಾಳದ ಹೂಗ್ಲಿಯಲ್ಲಿ 1845ರಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟಿಷ್ ವೈದ್ಯರು ರೋಗಿಗಳನ್ನು ಇಂಥದೇ ಸ್ಥಿತಿಗೆ ತಂದು ಶಸ್ತ್ರಚಿಕಿತ್ಸೆ ಮಾಡಲು ಶುರು ಮಾಡಿದರು. ಆಗ ಅರಿವಳಿಕೆ ಔಷಧಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಒಂದೆರಡು ವರ್ಷದಲ್ಲಿ ಈಥರ್, ಕ್ಲೋರೋಫಾರ್ಮ್ ಬಂದವು, ಈ ಪದ್ಧತಿ ಹಿಂದೆ ಬಿತ್ತು. ಹೆರಿಗೆಯ ಮಟ್ಟಿಗೆ ಇದೇ ದಾರಿಯ ವಿಚಾರವನ್ನು ಮತ್ತೆ ಮುಂದೆ ತಂದವರು ಬ್ರಿಟನ್ನಿನ ಹೆರಿಗೆ ವೈದ್ಯ ಗ್ರಾಂಟ್ಲಿ ಡಿಕ್-ರೀಡ್. 1933ರಲ್ಲಿ ಅವರು ಬರೆದ ಪುಸ್ತಕದ ತಿರುಳು ಇಷ್ಟು: ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತಷ್ಟು ಭಯ. ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ತುಂಡು ಮಾಡಬೇಕು.

*ಹೆರಿಗೆಯಲ್ಲಿ ಹೃದಯ ಏನು ಮಾಡುತ್ತದೆ?*

ಗರ್ಭಿಣಿಯ ಹೃದಯ ಮೊದಲಿಗಿಂತ ಶೇ. 30ರಿಂದ 50ರಷ್ಟು ಹೆಚ್ಚು ರಕ್ತವನ್ನು ಪಂಪ್ ಮಾಡುತ್ತದೆ. ಹೆರಿಗೆ ಬ್ಯಾನೆ ಶುರುವಾದ ಮೇಲೆ ಕೆಲಸ ಇನ್ನೂ ಜಾಸ್ತಿ. ಗರ್ಭಕೋಶ ಒಂದು ಸಲ ಹಿಂಡಿದಾಗ ಸುಮಾರು 300ರಿಂದ 500 ಮಿ.ಲೀ. ರಕ್ತ ಅಲ್ಲಿಂದ ತಾಯಿಯ ರಕ್ತನಾಳಗಳಿಗೆ ವಾಪಸ್ ಬರುತ್ತದೆ. ಪ್ರತಿ ಬ್ಯಾನೆಗೂ ಇದೇ ಪುನರಾವರ್ತನೆ.

ಇದರ ಮೇಲೆ ಭಯ ಸೇರಿತು ಅಂದುಕೊಳ್ಳಿ. ಅಡ್ರಿನಲಿನ್ ಏರುತ್ತದೆ, ನಾಡಿ ಓಡುತ್ತದೆ, ಬಿ.ಪಿ. ಮೇಲೇರುತ್ತದೆ, ಗರ್ಭಕೋಶಕ್ಕೆ ಹೋಗುವ ರಕ್ತವೂ ಕಡಿಮೆಯಾಗಬಹುದು. ಆರೋಗ್ಯವಂತ ಹೃದಯ ಇದನ್ನು ತಡೆದುಕೊಳ್ಳುತ್ತದೆ. ಕವಾಟ ಕಿರಿದಾದ ಹೃದಯಕ್ಕೆ ಇದು ಕಷ್ಟ. ಹೀಗಾಗಿ ಶಾಂತವಾಗಿರುವುದು ತಾಯಿಯ ದೇಹಕ್ಕೂ ಬೇಕಾದ ಸಂಗತಿ.

*ಅಧ್ಯಯನಗಳು ಏನು ಹೇಳುತ್ತವೆ?*

👉 ಡೆನ್ಮಾರ್ಕ್‌ನಲ್ಲಿ ಚೊಚ್ಚಲ ಗರ್ಭಿಣಿಯರಾದ 1222 ಮಂದಿಯ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಒಂದೊಂದು ಗಂಟೆಯ 3 ಸ್ವಯಂ ಸಂಮೋಹನ ಪಾಠ. ಆದರೂ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ ಕೇಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

👉 ಬ್ರಿಟನ್ನಿನಲ್ಲಿ 680 ಮಹಿಳೆಯರ ಅಧ್ಯಯನ 2015ರಲ್ಲಿ ಬಂತು. ಅಲ್ಲೂ ಎಪಿಡ್ಯೂರಲ್ ಬಳಕೆ ಹೆಚ್ಚುಕಡಿಮೆ ಅಷ್ಟೇ. ಆದರೆ ಹಿಪ್ನಾಸಿಸ್ ಕಲಿತವರು "ಅಂದುಕೊಂಡಿದ್ದಕ್ಕಿಂತ ಭಯ, ಆತಂಕ ಕಡಿಮೆ ಇತ್ತು" ಎಂದು ಹೆರಿಗೆಯ ನಂತರ ತಿಳಿಸಿದರು.

👉 ಇಂಥ 9 ಅಧ್ಯಯನಗಳನ್ನು, ಒಟ್ಟು 2954 ಮಹಿಳೆಯರ ಮಾಹಿತಿಯನ್ನು ಸೇರಿಸಿ ಕಾಕ್ರೇನ್ ಸಂಸ್ಥೆ 2016ರಲ್ಲಿ ಪರಿಶೀಲಿಸಿತು. ನೋವಿನ ಔಷಧಿಯ ಒಟ್ಟು ಬಳಕೆ ಸ್ವಲ್ಪ ತಗ್ಗಬಹುದು, ಎಪಿಡ್ಯೂರಲ್ ಬಳಕೆ ತಗ್ಗುವುದಿಲ್ಲ ಎಂಬುದು ಅದರ ಸಾರ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಅಲ್ಲಿ 122 ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. 18ರಿಂದ 20ನೇ ವಾರದಲ್ಲಿ ಸೇರಿದ ಈ ಮಹಿಳೆಯರಲ್ಲಿ ಒಂದು ಗುಂಪು ದಿನಾ ಒಂದು ಗಂಟೆ ಯೋಗ ಮತ್ತು ಆಳವಾದ ವಿಶ್ರಾಂತಿಯ ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಮಾಮೂಲಿ ಗರ್ಭಿಣಿ ವ್ಯಾಯಾಮ ಮಾಡಿತು. ಮೊದಲ ಗುಂಪಿನಲ್ಲಿ ಮಾನಸಿಕ ಒತ್ತಡದ ಅಂಕ ಶೇ. 31ರಷ್ಟು ಇಳಿಯಿತು, ಎರಡನೆಯದರಲ್ಲಿ ಶೇ. 6ರಷ್ಟು ಏರಿತು. ನಾಡಿಮಿಡಿತದ ಏರಿಳಿತವನ್ನು ಅಳೆದಾಗ ವಿಶ್ರಾಂತಿಯ ಹೊತ್ತಿನಲ್ಲಿ ದೇಹವನ್ನು ಶಾಂತಗೊಳಿಸುವ ನರಗಳ ಕೆಲಸ ಹೆಚ್ಚಿದ್ದು ಕಂಡಿತು. 20ನೇ ವಾರಕ್ಕಿಂತ 36ನೇ ವಾರದಲ್ಲಿ ಪರಿಣಾಮ ಜಾಸ್ತಿ. ಹೃದ್ರೋಗ ವೈದ್ಯನಾಗಿ ನನಗೆ ಇದು ಮುಖ್ಯ ಅನ್ನಿಸುತ್ತದೆ. ಅಭ್ಯಾಸ ಹಳೆಯದಾದಷ್ಟೂ ಹೃದಯ ಅದಕ್ಕೆ ಚೆನ್ನಾಗಿ ಓಗೊಡುತ್ತದೆ. ಒಂಬತ್ತನೇ ತಿಂಗಳಲ್ಲಿ ಎರಡು ದಿನದ ಕ್ಲಾಸಿಗೆ ಹೋದರೆ ಅಷ್ಟು ಫಲ ಸಿಗುವುದು ಕಷ್ಟ.

ವಿಶ್ವ ಆರೋಗ್ಯ ಸಂಸ್ಥೆಯೂ 2018ರ ತನ್ನ ಸಲಹೆಗಳಲ್ಲಿ ಆರೋಗ್ಯವಂತ ಗರ್ಭಿಣಿ ಬಯಸಿದರೆ ಸ್ನಾಯು ಸಡಿಲಿಸುವುದು, ಉಸಿರಾಟ, ಸಂಗೀತ ಮುಂತಾದವನ್ನು ನೋವಿನ ಹೊತ್ತಿಗೆ ಬಳಸಬಹುದು ಎಂದಿದೆ. ಅದೇ ಸಲಹೆಗಳಲ್ಲಿ ಎಪಿಡ್ಯೂರಲ್ ಕೂಡ ಇದೆ. ಎರಡರ ನಡುವೆ ಜಗಳವಿಲ್ಲ.

*ಊರು ಬಿಟ್ಟು ಬಂದವರ ಕಷ್ಟ*

ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದು ಸಾತಪುರ, ಅಂಬಡ್, ವಾಳೂಜ್, ಚಿಕಲಠಾಣಾ ಕಡೆ ಕೆಲಸಕ್ಕಿರುವ ಕುಟುಂಬಗಳಲ್ಲಿ ಗಂಡ ಶಿಫ್ಟಿಗೆ ಹೋದರೆ ಗರ್ಭಿಣಿ ಮನೆಯಲ್ಲಿ ಒಬ್ಬಳೇ. ಆಸ್ಪತ್ರೆಯಲ್ಲಿ ಮಾತು ಮರಾಠಿ ಅಥವಾ ಹಿಂದಿ. ಕ್ಲಾಸಿನ ಆಡಿಯೋ ಇಂಗ್ಲಿಷಿನಲ್ಲಿ. ನೋವು ಬಂದಾಗ ಬಾಯಲ್ಲಿ ಬರುವುದು ಮಾತ್ರ "ಯವ್ವಾ" ಅಂತಲೇ. ಮನಸ್ಸನ್ನು ಸಡಿಲಿಸುವ ಮಾತು ಮನಸ್ಸಿನ ಭಾಷೆಯಲ್ಲೇ ಇರಲಿ. ನಿಮ್ಮ ತಾಯಿ, ಅಕ್ಕ ಅಥವಾ ಗಂಡನ ದನಿಯಲ್ಲಿ ಕನ್ನಡದಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿಸಿಕೊಳ್ಳಿ. ಖರ್ಚಿಲ್ಲ.

ಇನ್ನೊಂದು ಮಾತು. ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬರಿದ್ದರೆ ಆಗುವ ಲಾಭಕ್ಕೆ ಹಿಪ್ನಾಸಿಸ್‌ಗಿಂತ ಗಟ್ಟಿ ಪುರಾವೆ ಇದೆ. 2017ರ ಕಾಕ್ರೇನ್ ಪರಿಶೀಲನೆ 26 ಅಧ್ಯಯನಗಳ 15,858 ಮಹಿಳೆಯರದು. ಸತತ ಆಸರೆ ಇದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬ್ಯಾನೆಯ ಅವಧಿಯೂ ಕೊಂಚ ಕಡಿಮೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಅನುಭವವಿರುವ ಒಬ್ಬ ಹೆಣ್ಣುಮಗಳು ಜೊತೆಗಿರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಮರೆಯ ವ್ಯವಸ್ಥೆ ಇರುವ ಕಡೆ ಗಂಡನಿಗೂ ಅವಕಾಶ ಕೊಡಬಹುದು. ನಿಮ್ಮ ಆಸ್ಪತ್ರೆಯಲ್ಲಿ ಮೊದಲೇ ಕೇಳಿ. ಊರಿನಿಂದ ಅವ್ವನೋ ಅತ್ತೆಯೋ ಬರುವುದಿದ್ದರೆ ಹೆರಿಗೆಯ ತಾರೀಖಿಗೆ ಎರಡು ಮೂರು ವಾರ ಮುಂಚೆ ಬರಲಿ, ಅಭ್ಯಾಸದಲ್ಲಿ ಅವರೂ ಕೂತುಕೊಳ್ಳಲಿ.

ಕುಬುಸ ಮುಗಿಸಿ ತವರಿಗೆ ಹೋಗುವುದಾದರೆ ಫೈಲು, ತಾಯಿ ಕಾರ್ಡು, ಸ್ಕ್ಯಾನ್, ಇಸಿಜಿ, ಎಕೋ ಎಲ್ಲವನ್ನೂ ಜೊತೆಗೆ ಒಯ್ಯಿರಿ. ಫೋಟೋ ತೆಗೆದು ಫೋನಿನಲ್ಲೂ ಇಡಿ. ದಾರಿಯಲ್ಲಿ ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ.

*ಮನೆಯಲ್ಲೇ ಮಾಡಬಹುದಾದ 15 ನಿಮಿಷದ ಅಭ್ಯಾಸ*

1. ಎಡ ಮಗ್ಗುಲಿಗೆ ಮಲಗಿ ಅಥವಾ ಒರಗಿ ಕೂರಿ. 20 ವಾರದ ನಂತರ ಅಂಗಾತ ಮಲಗಬೇಡಿ. ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು.

2. ಮೂಗಿನಿಂದ ನಿಧಾನ ಉಸಿರು ತೆಗೆದುಕೊಳ್ಳಿ, ಅದಕ್ಕಿಂತ ನಿಧಾನ ಬಿಡಿ. 4 ಎಣಿಸಿ ಒಳಗೆ, 6 ಎಣಿಸಿ ಹೊರಗೆ. ಉಸಿರು ಬಿಗಿಹಿಡಿಯಬೇಡಿ. ಜೋರು ಜೋರಾಗಿ ಎಳೆದು ಬಿಟ್ಟರೆ ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಹಾಗಾದರೆ ನಿಲ್ಲಿಸಿ.

3. ಪಾದದಿಂದ ಶುರು ಮಾಡಿ ಒಂದೊಂದೇ ಭಾಗ ಸಡಿಲ ಬಿಡಿ: ಪಾದ, ತೊಡೆ, ಹೊಟ್ಟೆ, ಭುಜ, ದವಡೆ, ಹಣೆ. ದವಡೆ ಬಿಗಿದವರು ಮೈಯನ್ನೂ ಬಿಗಿದಿರುತ್ತಾರೆ.

4. ನಿಮಗೆ ನೆಮ್ಮದಿ ಕೊಡುವ ಒಂದು ಜಾಗ ನೆನೆಯಿರಿ. ತವರಿನ ಪಡಸಾಲೆ, ಹೊಲದ ಬೇವಿನ ಮರ, ಗೋದಾವರಿಯ ಘಾಟು, ಯಾವುದಾದರೂ ಸರಿ. ಅಲ್ಲಿನ ದನಿ, ವಾಸನೆ, ತಂಪು ಎಲ್ಲ ನೆನೆಯಿರಿ.

5. ಒಂದು ಚಿಕ್ಕ ಮಾತು ಆರಿಸಿಕೊಳ್ಳಿ. ಉದಾಹರಣೆಗೆ "ಬ್ಯಾನೆ ಬರುತ್ತದೆ, ಹೋಗುತ್ತದೆ. ನನ್ನ ಮೈಗೆ ಈ ಕೆಲಸ ಗೊತ್ತು." ಉಸಿರು ಬಿಡುವಾಗಲೆಲ್ಲ ಅದನ್ನೇ ಹೇಳಿಕೊಳ್ಳಿ.

6. ಕೊನೆಗೆ ಐದು ಎಣಿಸಿ ಕಣ್ಣು ಬಿಡಿ. ಪಕ್ಕದಲ್ಲಿರುವವರು ಭುಜದ ಮೇಲೆ ಕೈ ಇಡಲಿ. ದಿನವೂ ಹೀಗೆ ಮಾಡಿದರೆ ಹೆರಿಗೆಯ ಹೊತ್ತಿಗೆ ಆ ಸ್ಪರ್ಶವೇ ಮೈ ಸಡಿಲಿಸುವ ಸೂಚನೆ ಆಗುತ್ತದೆ.

ಗಾಡಿ ಓಡಿಸುವಾಗ, ಒಲೆ ಮುಂದೆ ನಿಂತಾಗ ಈ ರೆಕಾರ್ಡಿಂಗ್ ಕೇಳಬೇಡಿ. ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಹಿಪ್ನಾಸಿಸ್‌ಗೆ ಹೋಗಿ. ಆ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು.

*ಕ್ಲಾಸಿಗೆ ಸೇರುವ ಮೊದಲು*

ಕಲಿಸುವವರಿಗೆ ಯಾವ ತರಬೇತಿ ಆಗಿದೆ ಕೇಳಿ. "ನೋವೇ ಇರುವುದಿಲ್ಲ", "ಸಿಸೇರಿಯನ್ ಆಗುವುದೇ ಇಲ್ಲ", "ಮಗು ಬೆಳ್ಳಗೆ, ಬುದ್ಧಿವಂತ ಆಗುತ್ತದೆ" ಎಂದು ಖಾತರಿ ಕೊಟ್ಟರೆ ಎದ್ದು ಬನ್ನಿ. ಮಾತ್ರೆ ಬಿಡಿ, ಸ್ಕ್ಯಾನ್ ಬೇಡ ಎಂದರೆ ಎರಡನೇ ಸಲ ಹೋಗಬೇಡಿ. ಗರ್ಭ ಸಂಸ್ಕಾರದ ಹೆಸರಿನ ತರಗತಿಗಳಿಗೂ ಇದೇ ಅಳತೆ. ಅಲ್ಲಿನ ಹಾಡು, ಧ್ಯಾನ, ನಾಲ್ಕು ಜನರ ಒಡನಾಟ ಒಳ್ಳೆಯದೇ. ಅದಕ್ಕಿಂತ ಹೆಚ್ಚಿನ ಭರವಸೆಗೆ ಪುರಾವೆ ಇಲ್ಲ.

*ಇದನ್ನು ಭಯ ಎಂದು ತಳ್ಳಿಹಾಕಬೇಡಿ* ⚠️

ಈ ಲೇಖನದಲ್ಲಿ ಒಂದೇ ಭಾಗ ಓದುವುದಿದ್ದರೆ ಇದನ್ನು ಓದಿ. ಕೆಳಗಿನವು ಕಂಡರೆ ಉಸಿರಾಟದ ಅಭ್ಯಾಸ ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ:

▪️ ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ಎದ್ದು ಕೂರಬೇಕಾಗುವುದು
▪️ ಎದೆ ನೋವು, ಎಚ್ಚರ ತಪ್ಪುವುದು, ಕೆಮ್ಮಿದಾಗ ರಕ್ತ
▪️ ಬಿ.ಪಿ. 140/90 ಅಥವಾ ಹೆಚ್ಚು. ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು
▪️ ರಕ್ತಸ್ರಾವ, ನೀರು ಒಡೆಯುವುದು, ಮಗುವಿನ ಚಲನೆ ಕಡಿಮೆಯಾಗುವುದು

ಚಿಕ್ಕಂದಿನಲ್ಲಿ ಕೀಲು ನೋವಿನ ಜ್ವರ ಬಂದು ಪೆನ್ಸಿಲಿನ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಹೃದಯದಲ್ಲಿ "ಶಬ್ದ ಇದೆ" ಎಂದು ಯಾರಾದರೂ ಹೇಳಿದ್ದರೆ, ಕವಾಟದ ಚಿಕಿತ್ಸೆ ಆಗಿದ್ದರೆ ಮೊದಲ ತಪಾಸಣೆಯಲ್ಲೇ ಹೇಳಿ. ಮದುವೆಯಲ್ಲಿ ಮುಚ್ಚಿಟ್ಟ ವಿಷಯ ಎಂದು ಹೆರಿಗೆಯಲ್ಲೂ ಮುಚ್ಚಿಡಬೇಡಿ. ಎಕೋ ಪರೀಕ್ಷೆಯಿಂದ ಮಗುವಿಗೆ ತೊಂದರೆ ಇಲ್ಲ. ಹೃದಯದ ಸ್ನಾಯು ದುರ್ಬಲವಾಗುವ ಒಂದು ಕಾಯಿಲೆ ಹೆರಿಗೆಯ ಕೊನೆಯ ತಿಂಗಳಿನಿಂದ ಬಾಣಂತನದ 5 ತಿಂಗಳವರೆಗೂ ಬರಬಹುದು. ಆದ್ದರಿಂದ ಬಾಣಂತಿಯ ಏದುಸಿರನ್ನು "ಸುಸ್ತು" ಅಂದು ಬಿಡಬೇಡಿ.

ಹೃದಯದ ತೊಂದರೆ ಇರುವ ತಾಯಿಗೆ ನಾವೇ ಎಪಿಡ್ಯೂರಲ್ ಸಲಹೆ ಮಾಡುವುದುಂಟು. ನೋವು ಇಳಿದರೆ ಹೃದಯದ ಹೊರೆಯೂ ಇಳಿಯುತ್ತದೆ. ಆಗ "ನಾನು ಹಿಪ್ನಾಸಿಸ್ ಕಲಿತಿದ್ದೇನೆ, ಬೇಡ" ಎಂದು ಹಟ ಹಿಡಿಯಬೇಡಿ. ಆರೋಗ್ಯವಂತ ತಾಯಿ ನೋವಿನ ಔಷಧಿ ಕೇಳಿದರೂ, ಸಿಸೇರಿಯನ್ ಆದರೂ ಅದು ಸೋಲಲ್ಲ. ಅತ್ತೆ, ನಾದಿನಿಯರಿಗೂ ಈ ಸಾಲು ಓದಿ ಹೇಳಿ. ಕಲಿತ ಉಸಿರಾಟ ಸಿಸೇರಿಯನ್ ಮೇಜಿನ ಮೇಲೂ ಕೆಲಸಕ್ಕೆ ಬರುತ್ತದೆ.

*ನೆನಪಿಡಿ*

✅ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ.
✅ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ 2011ರ ಜನನಿ ಶಿಶು ಸುರಕ್ಷಾ ಯೋಜನೆಯಡಿ ಉಚಿತ.
✅ ತುರ್ತಿಗೆ 108. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಇದೇ ನಂಬರು.

ನಿಮ್ಮ ಕಟ್ಟಡದಲ್ಲಿ, ನಿಮ್ಮ ಶಿಫ್ಟಿನಲ್ಲಿ ಯಾರ ಮನೆಯಲ್ಲಾದರೂ ಗರ್ಭಿಣಿ ಇದ್ದರೆ ಇದನ್ನು ಕಳಿಸಿ. ಆಕೆಗೆ ಓದಲು ಪುರುಸೊತ್ತಿಲ್ಲದಿದ್ದರೆ ಗಂಡನಿಗೆ ಕಳಿಸಿ, ರಾತ್ರಿ ಕೂತು ಗಟ್ಟಿಯಾಗಿ ಓದಲಿ. ನಾಳೆಯಿಂದ ಇಬ್ಬರೂ ಸೇರಿ 15 ನಿಮಿಷ.

— ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ.